ಮಾತಿಗೆ ಅಂಕಿತವಿದೆ, ಮಟ್ಟಿಗೆ ಇಲ್ಲ

ಪುಣೆಯಲ್ಲಿ ನಾಲ್ಕು ಕನ್ನಡ ಸಂಸಾರಗಳು ಒಂದೆಡೆ ಸೇರಿ, ವಾದವಿಲ್ಲದೆ ಊಟ ಮುಗಿಸಿ ಎದ್ದ ಉದಾಹರಣೆ ನಮಗೆ ನೆನಪಿಲ್ಲ. ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಪುಣ್ಯದಿನವಷ್ಟೆ. ಅದಕ್ಕೆ ಹತ್ತಿರದ ಭಾನುವಾರ ಹಿಂಜವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಭಜನೆ ಇಟ್ಟುಕೊಂಡಿದ್ದೆವು. ಹಿಂಜವಾಡಿ ಎಂದರೆ ಗಾಜಿನ ಕಟ್ಟಡಗಳು, ಕಂಪ್ಯೂಟರ್ ಕಂಪನಿಗಳು, ಸಂಜೆಯಾದರೆ ಮುಗಿಯದ ವಾಹನಗಳ ಸಾಲು ಎಂದಷ್ಟೇ ಬಲ್ಲವರಿಗೆ, ಅಲ್ಲಿ ಏಳನೆಯ ಮಹಡಿಯಲ್ಲಿ ತಾಳ ತಂಬೂರಿಯ ಧ್ವನಿ ಕೇಳಿಬರುತ್ತದೆಂದರೆ ಸ್ವಲ್ಪ ಆಶ್ಚರ್ಯವಾದೀತು. ಭಜನೆ ಸುಸೂತ್ರವಾಗಿ ನಡೆಯಿತು. ಚಿತ್ರಾನ್ನ ಬಡಿಸುವ ಹೊತ್ತಿಗೆ ವಾದ ಹತ್ತಿಕೊಂಡಿತು.

ವಾದದ ವಿಷಯ ಹಳೆಯದೇ. ದಾಸರ ಕಾಲದ ವಾಗ್ಗೇಯಕಾರರಲ್ಲಿ, ಅಂದರೆ ತಾವೇ ಪದ ಕಟ್ಟಿ ತಾವೇ ಹಾಡಿದವರಲ್ಲಿ, ಎಲ್ಲರಿಗಿಂತ ದೊಡ್ಡವರು ಯಾರು? ಮೈಸೂರಿನ ಹಿರಿಯ ಅಮ್ಮನವರೊಬ್ಬರು, “ಇದರಲ್ಲಿ ಕೇಳುವುದೇನಿದೆ? ಸಂಗೀತ ಪಿತಾಮಹ ಎಂದು ಯಾರನ್ನು ಕರೆದಿದ್ದಾರೆ ಹೇಳಿ. ತ್ಯಾಗರಾಜರೇ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಪುರಂದರದಾಸರಿಗೆ ಕೈಮುಗಿದಿಲ್ಲವೆ?” ಎಂದರು. ಹಾವೇರಿ ಕಡೆಯ ನಿವೃತ್ತ ಮಾಸ್ತರರು ಎಲೆಯ ಮುಂದಿನಿಂದಲೇ, “ಅಮ್ಮಾರ, ಬಿರುದು ಯಾರರ ಕೊಡ್ತಾರ. ಎದಿ ಒಳಗ ಇಳಿಯೂ ಹಾಡು ಬೇಕಂದ್ರ ಕನಕದಾಸರ ಕಡೇನ ಬರಬೇಕು” ಎಂದು ಉತ್ತರ ಕೊಟ್ಟರು. ರಾಯಚೂರಿನ ಕಾಕಾ ಅವರಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಅವರ ಪ್ರಕಾರ ವಿಜಯದಾಸರ ಸುಳಾದಿಗಳನ್ನೂ ಮಾನವಿಯ ಜಗನ್ನಾಥದಾಸರನ್ನೂ ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ. ಇಷ್ಟರಲ್ಲಿ ಒಬ್ಬ ತರುಣ ಸ್ನೇಹಿತರು, ಪುರಂದರಗಡ ನಮ್ಮ ಪುಣೆ ಜಿಲ್ಲೆಯಲ್ಲೇ, ಸಾಸವಡದ ಆಚೆ ಇರುವುದರಿಂದ, ಪುಣೆಯವರಾದ ನಾವು ಪುರಂದರದಾಸರ ಪರ ನಿಲ್ಲುವುದೇ ನ್ಯಾಯವೆಂದು ತೀರ್ಪು ಕೊಟ್ಟರು. ದಾಸರ ಹುಟ್ಟೂರು ಅದಲ್ಲ, ತೀರ್ಥಹಳ್ಳಿ ಕಡೆಯ ಆರಗದ ಸೀಮೆ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಇರಲಿ, ಹುಟ್ಟಿದ ಊರಿನಿಂದ ಹಾಡಿನ ತೂಕ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಈ ಗದ್ದಲವನ್ನು ನಿಲ್ಲಿಸಿದವಳು ಎಂಟನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗಳು. ಅವಳು ಕೇಳಿದ್ದು ಇಷ್ಟೆ: “ಅಪ್ಪಾ, ನಾವು ಈಗ ಹಾಡಿದ ಟ್ಯೂನು ದಾಸರೇ ಹಾಕಿದ್ದಾ?”

ಯಾರೂ ಕೂಡಲೇ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡದೆ ಯಾವ ದಾಸರು ದೊಡ್ಡವರೆಂದು ವಾದಿಸುವುದು ಬುಡವಿಲ್ಲದ ವಾದವೆಂದು ಆಮೇಲೆ ನಮಗೆ ತೋರಿತು. ಈ ಲೇಖನಕ್ಕೆ ಅದೇ ಕಾರಣ.

ವಾಗ್ಗೇಯಕಾರ ಎಂಬ ಮಾತಿಗೆ ಲಕ್ಷಣ ಹೇಳಿದವನು ‘ಸಂಗೀತರತ್ನಾಕರ’ದ ಶಾರ್ಙ್ಗದೇವ. 13ನೆಯ ಶತಮಾನದಲ್ಲಿ ಇದೇ ಮಹಾರಾಷ್ಟ್ರದ ದೇವಗಿರಿಯಲ್ಲಿ, ಯಾದವ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದವನು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಅವನ ಮೇಲೆ ಸ್ವಲ್ಪ ಹೆಚ್ಚು ಅಭಿಮಾನವಿದ್ದರೆ ಓದುಗರು ಕ್ಷಮಿಸಬೇಕು. ಅವನ ಲೆಕ್ಕ ಬಹಳ ಖಚಿತ. ಹಾಡಿನ ಸಾಹಿತ್ಯಕ್ಕೆ ‘ಮಾತು’ ಎಂದು ಹೆಸರು. ಅದರ ಸ್ವರರಚನೆಗೆ ‘ಧಾತು’ ಎಂದು ಹೆಸರು. ಈ ಧಾತುವನ್ನೇ ನಮ್ಮ ಹಳಬರು ‘ಮಟ್ಟು’ ಎನ್ನುತ್ತಿದ್ದರು. ಎರಡನ್ನೂ ತಾನೇ ಚೆನ್ನಾಗಿ ಕಟ್ಟಬಲ್ಲವನು ಉತ್ತಮ ವಾಗ್ಗೇಯಕಾರ. ಧಾತು ಚೆನ್ನಾಗಿದ್ದು ಮಾತು ಮಂದವಾಗಿದ್ದರೆ ಮಧ್ಯಮ. ಮಾತು ಎಷ್ಟೇ ರಮ್ಯವಾಗಿದ್ದರೂ ಧಾತು ಮಂದವಾಗಿದ್ದರೆ ಅವನು ಅಧಮ. ಇನ್ನೊಬ್ಬರ ಧಾತುವಿಗೆ ತನ್ನ ಮಾತು ಹೊಂದಿಸುವವನಿಗೆ ‘ಕುಟ್ಟಿಕಾರ’ ಎಂದು ಬೇರೆಯೇ ಹೆಸರು. ಅಂದಮೇಲೆ ಮಟ್ಟನ್ನು ಲೆಕ್ಕಕ್ಕೆ ಹಿಡಿಯದೆ ಯಾರನ್ನೂ ದೊಡ್ಡ ವಾಗ್ಗೇಯಕಾರ ಎನ್ನುವಂತಿಲ್ಲ.

ಈಗ ನಮ್ಮ ಕೈಯಲ್ಲಿರುವ ಮಟ್ಟುಗಳನ್ನು ನೋಡೋಣ. ಆ ದಿನ ಮಾಸ್ತರರು ಕಣ್ಣು ಮುಚ್ಚಿ ಹಾಡಿದ ‘ಬಾಗಿಲನು ತೆರೆದು’ ಕನಕದಾಸರ ಪದ, ಸಂಶಯವಿಲ್ಲ. ಆದರೆ ಅವರ ಕಂಠದಲ್ಲಿದ್ದ ಮಟ್ಟು, ರಾಜಕುಮಾರ್ ಕನಕದಾಸರಾಗಿ ಅಭಿನಯಿಸಿದ 1960ರ ‘ಭಕ್ತ ಕನಕದಾಸ’ ಚಿತ್ರದ್ದು, ಪಿ. ಬಿ. ಶ್ರೀನಿವಾಸ್ ಹಾಡಿದ್ದು. ಅಮ್ಮನವರು ಹಾಡಿದ ‘ಜಗದೋದ್ಧಾರನ’ ಪುರಂದರದಾಸರದು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಬಿ. ಎಸ್. ರಾಜಯ್ಯಂಗಾರ್ಯರ ಗ್ರಾಮಫೋನ್ ತಟ್ಟೆ, ಆಮೇಲೆ ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂದರೆ ಪುಣೆಯವರಾದ ನಮಗೆ ಕಿವಿಯಲ್ಲಿ ಮೊಳಗುವುದು ಪಂಡಿತ ಭೀಮಸೇನ ಜೋಶಿಯವರ ಧ್ವನಿ. ಗದಗಿನ ಮಣ್ಣಿನಿಂದ ಬಂದು, ಈ ಊರಿನಲ್ಲೇ ಬಾಳಿ, 2011ರಲ್ಲಿ ಇಲ್ಲಿಯೇ ಕಣ್ಮುಚ್ಚಿದ ಆ ಮಹಾನುಭಾವರು ಮರಾಠಿಗರಿಗೆ ಅಭಂಗವನ್ನೂ ನಮಗೆ ದಾಸರ ಪದವನ್ನೂ ಒಂದೇ ಕೈಯಿಂದ ಹಂಚಿದರು. ಅದೇ ಪದವನ್ನು ಮೈಸೂರು, ಮದರಾಸಿನ ವಿದ್ವಾಂಸರು ಮಧ್ಯಮಾವತಿಯಲ್ಲಿ ಹಾಡುವ ಬಗೆ ಬೇರೆ. ಈ ಎರಡರಲ್ಲಿ ದಾಸರದು ಯಾವುದು? ಎರಡೂ ಅಲ್ಲದೆ ಇರಬಹುದು.

ಇದು ದಾಸರೊಬ್ಬರ ಕಥೆಯಲ್ಲ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ನಮಗೆ ಬಹಳ ಹತ್ತಿರದ ಕಾಲ. ಧಾರವಾಡ ಸೀಮೆಯ ಭಜನಾ ಮೇಳಗಳಲ್ಲಿ ಅವರ ತತ್ವಪದಗಳಿಗೆ ಹಳೆಯ ಮಟ್ಟುಗಳಿದ್ದವು. ಆದರೂ ಇಂದು ಬೆಂಗಳೂರಿನಿಂದ ಪುಣೆಯವರೆಗೆ ‘ಶರೀಫರ ಹಾಡು’ ಎಂದರೆ ಜನರ ಬಾಯಿಗೆ ಬರುವುದು ಸಿ. ಅಶ್ವಥ್ ಅವರ ಮಟ್ಟು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಅದನ್ನು ಗಟ್ಟಿ ಮಾಡಿತು. ನೂರು ವರ್ಷಕ್ಕೆ ಹೀಗಾದರೆ, 1564ರಲ್ಲಿ ದೇಹ ಬಿಟ್ಟರೆನ್ನುವ ಪುರಂದರದಾಸರ ಮಟ್ಟುಗಳ ಗತಿ ಏನಾಗಿರಬೇಡ?

ಕಚೇರಿಯಲ್ಲಿ ನಮಗೆ ಒಂದು ಅಭ್ಯಾಸ ಬಿದ್ದಿದೆ. ಕಡತ ಬಂದ ಕೂಡಲೇ ಟಿಪ್ಪಣಿ ಬರೆದವರು ಯಾರು, ಸಹಿ ಮಾಡಿದವರು ಯಾರು ಎಂದು ನೋಡುತ್ತೇವೆ. ದಾಸರ ಪದಗಳಲ್ಲಿ ಅಂಕಿತವೆಂಬುದು ಸಹಿ ಇದ್ದ ಹಾಗೆ. ಪುರಂದರ ವಿಠಲ, ಕಾಗಿನೆಲೆಯ ಆದಿಕೇಶವ, ವಿಜಯ ವಿಠಲ ಎಂದು ಪದದ ಕೊನೆಗೆ ಬರುತ್ತದೆ. ಆದರೆ ಆ ಸಹಿ ಬಿದ್ದಿರುವುದು ಮಾತಿಗೆ. ಮಟ್ಟಿನ ಕೆಳಗೆ ಯಾರ ಸಹಿಯೂ ಇಲ್ಲ. ರಾಜಯ್ಯಂಗಾರ್ಯರ, ಭೀಮಸೇನರ, ಅಶ್ವಥ್ ಅವರ ಪುಣ್ಯವನ್ನು ದಾಸರ ಖಾತೆಗೆ, ಶರೀಫರ ಖಾತೆಗೆ ಜಮಾ ಮಾಡಿ, ಆಮೇಲೆ ಯಾರ ಖಾತೆ ದೊಡ್ಡದೆಂದು ಜಗಳವಾಡುತ್ತಿದ್ದೇವೆ.

ರಾಯಚೂರಿನ ಕಾಕಾ ಇದನ್ನು ಸುಮ್ಮನೆ ಬಿಡಲಿಲ್ಲ. “ಅಲ್ರೀ, ಮಟ್ಟು ಪೂರ್ತಿ ಹೋತು ಅಂತ ಯಾರು ಹೇಳಿದ್ರು ನಿಮಗ? ನಮ್ಮ ಅವ್ವ, ಅಜ್ಜಿ ಹಾಡಿದ್ದು ಬಾಯಿಂದ ಬಾಯಿಗೆ ಬಂದದ್ದಲ್ಲೇನು? ತಾಡವಾಲಿಯೊಳಗ ರಾಗ, ತಾಳ ಬರದಿಟ್ಟಾರಲ್ಲ!” ಎಂದರು. ಮಾತು ನಿಜ. ಹಸ್ತಪ್ರತಿಗಳಲ್ಲಿ ಅನೇಕ ಪದಗಳಿಗೆ ರಾಗ ತಾಳಗಳ ಹೆಸರಿವೆ. ಸುಳಾದಿಗಳಲ್ಲಂತೂ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳಗಳು ಒಂದಾದ ಮೇಲೊಂದು ಬರುತ್ತವೆ. ಅದು ಸಂಗೀತಶಾಸ್ತ್ರಕ್ಕೆ ದೊಡ್ಡ ಆಧಾರ. ಮನೆಯ ಹೆಂಗಸರ ಕಂಠದಲ್ಲಿ ಹಳೆಯ ಮಟ್ಟಿನ ಚೂರುಗಳು ಉಳಿದಿರಲೂಬಹುದು. ಎಂ. ಎಲ್. ವಸಂತಕುಮಾರಿಯವರಿಗೆ ದಾಸರ ಪದಗಳ ಭಂಡಾರ ಬಂದದ್ದು ತಾಯಿ ಲಲಿತಾಂಗಿಯವರಿಂದಲೇ. ಆದರೆ ರಾಗದ ಹೆಸರು ಮಟ್ಟಲ್ಲ. ಊರಿನ ಹೆಸರು ಗೊತ್ತಿದ್ದ ಮಾತ್ರಕ್ಕೆ ಮನೆ ಸಿಕ್ಕುವುದಿಲ್ಲ. ಶಿಷ್ಯಪರಂಪರೆ ಗಟ್ಟಿಯಾಗಿದ್ದ ತ್ಯಾಗರಾಜರ ಕೃತಿಗಳಿಗೇ ವಾಲಾಜಾಪೇಟೆಯದೊಂದು ಪಾಠ, ಉಮಯಾಳಪುರದ್ದೊಂದು ಪಾಠ ಇರುವಾಗ, ಅವರಿಗಿಂತ ಎರಡು ಮೂರು ಶತಮಾನ ಹಿಂದಿನವರ ವಿಷಯದಲ್ಲಿ ಎಚ್ಚರಿಕೆ ಬೇಡವೆ?

ಹಾಗಾದರೆ ಪ್ರಶ್ನೆಯನ್ನೇ ಕೈಬಿಡಬೇಕೆ? ಬೇಡವೆಂದು ನಮ್ಮ ಅಭಿಪ್ರಾಯ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪ್ಪಿನ ನೀರನ್ನು ಬಟ್ಟಲಲ್ಲಿ ಬಿಟ್ಟು ಬರುತ್ತಿದ್ದೆವು. ಕೆಲವು ದಿನಗಳಲ್ಲಿ ನೀರು ಆವಿಯಾಗಿ ಹೋಗುತ್ತಿತ್ತು, ಹರಳು ಉಳಿಯುತ್ತಿತ್ತು. ಮಟ್ಟು ಹೀಗೆ ಆವಿಯಾದರೂ ಅದರ ಒಂದು ಅಂಶ ಮಾತಿನಲ್ಲಿ ಹರಳುಗಟ್ಟಿ ಉಳಿದಿದೆ. ಅದೇ ಲಯ. ಸ್ವರ ಹೋದರೂ, ಅಕ್ಷರಗಳ ಹ್ರಸ್ವ ದೀರ್ಘಗಳಲ್ಲಿ ನಡೆ ಉಳಿಯಿತು.

ಓದುಗರು ಮನೆಯಲ್ಲೇ ಪರೀಕ್ಷಿಸಬಹುದು. ರಾಗ ಬಿಟ್ಟು, ಬರೀ ಚಪ್ಪಾಳೆ ಹಾಕುತ್ತ ಪದವನ್ನು ಹೇಳಬೇಕು. ‘ಜಗದೋದ್ಧಾರನ’ ಎಂಬಲ್ಲಿ ಎಂಟು ಮಾತ್ರೆ. ನಾಲ್ಕು ನಾಲ್ಕಾಗಿ ತಾನೇ ಒಡೆದುಕೊಳ್ಳುತ್ತದೆ. ‘ಭಾಗ್ಯದ’ ನಾಲ್ಕು, ‘ಲಕ್ಷ್ಮೀ’ ನಾಲ್ಕು. ಭೀಮಸೇನರ ಮಟ್ಟಾಗಲಿ, ದಕ್ಷಿಣದ ಮಟ್ಟಾಗಲಿ, ಈ ನಾಲ್ಕರ ನಡೆಯ ಮೇಲೆಯೇ ನಿಂತಿದೆ. ‘ಬಾಗಿಲನು’ ಎಂದರೆ ಐದು. ಆ ಪದ ಐದೈದರ ನಡೆಯಲ್ಲಿ ಸಾಗುತ್ತದೆ. ಯಾವ ಮಟ್ಟು ಬಂದು ಕೂತರೂ ಒಡೆಯದಂತೆ ಮಾತಿನ ಕಟ್ಟು ಹಾಕಿದವನು, ಮಟ್ಟು ಮರೆತುಹೋದ ಮೇಲೂ ವಾಗ್ಗೇಯಕಾರನಾಗಿಯೇ ಉಳಿಯುತ್ತಾನೆ.

ಈ ಅಳತೆಯಿಂದ ನಮ್ಮ ತೀರ್ಪು ಹೀಗೆ. ಬರೀ ಮಾತಿನ ಕವಿತ್ವ ನೋಡುವುದಾದರೆ ನಾವು ಮಾಸ್ತರರ ಪಕ್ಷ. ರಾಗಿ ಮತ್ತು ಭತ್ತಕ್ಕೆ ಜಗಳ ಹಚ್ಚಿ, ಬಡವರ ಧಾನ್ಯವನ್ನು ಗೆಲ್ಲಿಸಿದ ‘ರಾಮಧಾನ್ಯ ಚರಿತ್ರೆ’ಯಂಥ ಕೃತಿ ದಾಸಸಾಹಿತ್ಯದಲ್ಲಿ ಇನ್ನೊಂದಿಲ್ಲ. ಆದರೆ ಕನಕದಾಸರ ಶಕ್ತಿಯ ದೊಡ್ಡ ಪಾಲು ಷಟ್ಪದಿಗೂ ಸಾಂಗತ್ಯಕ್ಕೂ ಹೋಯಿತು. ಜಗನ್ನಾಥದಾಸರ ಮೇರುಕೃತಿ ‘ಹರಿಕಥಾಮೃತಸಾರ’ವೂ ಭಾಮಿನಿ ಷಟ್ಪದಿಯೇ. ವಿಜಯದಾಸರ ಸುಳಾದಿಗಳು ಬಲ್ಲವರಿಗೆ ಗಣಿ, ಆದರೆ ಹತ್ತು ಜನ ಕೂಡಿ ಹಾಡುವಂಥವಲ್ಲ. ಪುರಂದರದಾಸರ ಆಸ್ತಿಯೆಲ್ಲ ಇರುವುದು ಪದದಲ್ಲಿ, ಸುಳಾದಿಯಲ್ಲಿ, ತಾಳದ ಕಟ್ಟಿಲ್ಲದ ಉಗಾಭೋಗದಲ್ಲಿ. ಅವರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದ ರಚಿಸಿದರೆಂಬುದು ಸಂಪ್ರದಾಯದ ಮಾತು. ಉಳಿದಿರುವುದು ಅದರ ಸಣ್ಣ ಪಾಲು. ಆ ಸಣ್ಣ ಪಾಲಿನಲ್ಲಿ ಅಡಿಗೆಮನೆಯ ಮಾತಿದೆ, ಸಂತೆಯ ಮಾತಿದೆ, ಬೈಗುಳವೂ ಇದೆ. ಎಲ್ಲವೂ ತಾಳಕ್ಕೆ ಕೂತಿವೆ. ಮಾತುಕಾರರಲ್ಲಿ ಕನಕರು, ವಾಗ್ಗೇಯಕಾರರಲ್ಲಿ ಪುರಂದರರು. ಒಪ್ಪದವರು ಮುಂದಿನ ಭಜನೆಗೆ ಬಂದು ವಾದ ಮುಂದುವರಿಸಬೇಕೆಂದು ವಿನಂತಿ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಆ ರಾತ್ರಿ ಎಲ್ಲರೂ ಹೋದ ಮೇಲೆ ಮಗಳ ಹಾಡಿನ ವಹಿ ತೆರೆದು ನೋಡಿದೆವು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು, ತಪ್ಪು ನಮ್ಮದೇ. ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲಿ ಎಲ್ಲ ಪದಗಳನ್ನೂ ಮುದ್ದಾಗಿ ಬರೆದುಕೊಂಡಿದ್ದಾಳೆ. ಮರಾಠಿ ಬರವಣಿಗೆಯಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ. ಒ, ಓ ಎರಡಕ್ಕೂ ಒಂದೇ. ನೋಡಿಕೊಂಡು ಹಾಡು ಎಂದೆವು. ‘ತೆರೆದು’ ಎಂಬುದು ‘ತೇರೇದು’ ಆಯಿತು. ಮೂರು ಮಾತ್ರೆ ಐದಾಯಿತು. ಚಪ್ಪಾಳೆ ಒಂದು ಕಡೆ ಬಿತ್ತು, ಮಾತು ಇನ್ನೊಂದು ಕಡೆ ಬಿತ್ತು.

ಆಗ ನಮಗೆ ನಿಜವಾಗಿ ಭಯವಾಯಿತು. ನಾನೂರು ಐನೂರು ವರ್ಷಗಳಲ್ಲಿ ಮಟ್ಟುಗಳು ಬದಲಾದವು, ಪದಗಳಿಗೆ ಏನೂ ಆಗಲಿಲ್ಲ. ಸಿನಿಮಾ ಬಂತು, ಗ್ರಾಮಫೋನ್ ಬಂತು; ಅವು ಪದಗಳನ್ನು ಬೆಳೆಸಿದವೇ ಹೊರತು ಕೆಡಿಸಲಿಲ್ಲ. ಮಾತಿನ ಒಳಗೆ ಹ್ರಸ್ವವು ಹ್ರಸ್ವವಾಗಿ, ದೀರ್ಘವು ದೀರ್ಘವಾಗಿ ಇದ್ದದ್ದರಿಂದಲೇ ಹೊಸ ಮಟ್ಟಿಗೆ ಕಾಲೂರಲು ಜಾಗವಿತ್ತು. ದಾಸರು ಬಿಟ್ಟುಹೋದ ಸಂಗೀತವೆಂದು ಖಚಿತವಾಗಿ ಹೇಳಬಹುದಾದದ್ದು ಅದೊಂದೇ. ಅದು ಕಳೆದುಹೋಗುತ್ತಿರುವುದು ಯಾವ ವಿದ್ವಾಂಸರ ಮನೆಯಲ್ಲೂ ಅಲ್ಲ, ಹಿಂಜವಾಡಿಯ ನಮ್ಮ ಮನೆಯಲ್ಲಿ, ಮಗಳ ವಹಿಯಲ್ಲಿ.

ಮರುದಿನದಿಂದ ಊಟವಾದ ಮೇಲೆ ಹದಿನೈದು ನಿಮಿಷ ಕನ್ನಡ ಅಕ್ಷರ ಹಚ್ಚಿದ್ದೇವೆ. ಮೊದಲು ತಿದ್ದಿಸಿದ್ದು ಅ ಅಲ್ಲ, ಎ ಮತ್ತು ಏ. ವಹಿಯಲ್ಲಿ ಆ ಒಂದು ಪದವನ್ನು ಅವಳೇ ಈಗ ಕನ್ನಡದಲ್ಲಿ ಬರೆದಿದ್ದಾಳೆ. ಅಕ್ಷರ ಸೊಟ್ಟಗಿದೆ, ತಾಳ ನೆಟ್ಟಗಿದೆ. ಅವಳ ಪ್ರಶ್ನೆಗೆ ಉತ್ತರವನ್ನೂ ಕೊಟ್ಟೆವು: “ಟ್ಯೂನು ಯಾರದ್ದೋ ಮಗಳೇ, ಚಪ್ಪಾಳೆ ಮಾತ್ರ ದಾಸರದ್ದೇ.”