ಅಂತ್ಯಸಂಸ್ಕಾರದ ಹೊಣೆ: ಎರಡು ಕೃತಿಗಳ ವಿವೇಚನೆ

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮರಣದಲ್ಲಿ ತೋರುವುದು ಅಗಲಿದವರ ಗುಣ ಮಾತ್ರವಲ್ಲ, ಉಳಿದವರ ಗುಣವೂ ಅಲ್ಲಿಯೇ ಬಯಲಾಗುತ್ತದೆ. ಈ ಸತ್ಯವನ್ನು ವಸ್ತುವಾಗಿ ಉಳ್ಳ ಎರಡು ಕೃತಿಗಳನ್ನು ಜೊತೆಗಿರಿಸಿ ವಿವೇಚಿಸುವುದು ಈ ಲೇಖನದ ಉದ್ದೇಶ. ಒಂದು, ಕ್ರಿಸ್ತಪೂರ್ವ 441ರ ಸುಮಾರಿಗೆ ಅಥೆನ್ಸಿನಲ್ಲಿ ಪ್ರದರ್ಶಿತವಾದ ಸಾಫೊಕ್ಲೀಸನ ‘ಅಂತಿಗೊನೆ’ ನಾಟಕ. ಇನ್ನೊಂದು, 1965ರಲ್ಲಿ ಪ್ರಕಟವಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ. ಮೊದಲನೆಯದನ್ನು ಕನ್ನಡಿಸಿದ ಪಿ. ಲಂಕೇಶರೇ 1970ರ ‘ಸಂಸ್ಕಾರ’ ಚಲನಚಿತ್ರದಲ್ಲಿ ನಾರಣಪ್ಪನ ಪಾತ್ರವನ್ನು ವಹಿಸಿದ್ದರೆಂಬುದು ಗಮನಾರ್ಹ.

ಎರಡು ಕೃತಿಗಳ ಕೇಂದ್ರದಲ್ಲಿಯೂ ಸಂಸ್ಕಾರ ಕಾಣದ ಶವವೊಂದಿದೆ. ಥೀಬ್ಸ್ ನಗರದ ಮೇಲೆ ದಂಡೆತ್ತಿ ಬಂದು ಮಡಿದ ಪಾಲಿನೈಸಿಸನನ್ನು ಹೂಳಕೂಡದೆಂದು ಅರಸನಾದ ಕ್ರಿಯಾನ್ ಆಜ್ಞೆ ಮಾಡುತ್ತಾನೆ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟು ಬಾಳಿದ ನಾರಣಪ್ಪನನ್ನು ದಹಿಸುವವರು ಯಾರೆಂಬ ಜಿಜ್ಞಾಸೆ ನಡೆಯುತ್ತದೆ. ಅಲ್ಲಿ ಅಡ್ಡಬಂದದ್ದು ರಾಜಶಾಸನ, ಇಲ್ಲಿ ಧರ್ಮಶಾಸ್ತ್ರ. ಆದರೆ ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ: ಸತ್ತವನು ಸಂಸ್ಕಾರಕ್ಕೆ ಅರ್ಹನೇ? ಈ ಪ್ರಶ್ನೆಯೇ ತಪ್ಪು ಎಂಬುದು ಎರಡು ಕೃತಿಗಳ ತಾತ್ಪರ್ಯವೆಂದು ನಾವು ಭಾವಿಸುತ್ತೇವೆ. ಥೀಬ್ಸಿನಲ್ಲಿ ಹಕ್ಕಿಗಳೂ ನಾಯಿಗಳೂ ಆ ಶವದ ಮಾಂಸವನ್ನು ತಂದು ದೇವರ ವೇದಿಕೆಗಳನ್ನೇ ಮಲಿನಗೊಳಿಸಿದವೆಂದು ಕುರುಡ ಕಾಲಜ್ಞಾನಿ ಟೈರೀಸಿಯಸ್ ಎಚ್ಚರಿಸುತ್ತಾನೆ. ಅಗ್ರಹಾರದ ಮಾಡುಗಳ ಮೇಲೆ ಹದ್ದುಗಳು ಬಂದೆರಗುತ್ತವೆ. ಮೈಲಿಗೆಯನ್ನು ದೂರವಿಡಲೆಂದು ಹೊರಟವರ ಮನೆಯಂಗಳಕ್ಕೇ ಮೈಲಿಗೆ ಬಂದು ಕುಳಿತುಕೊಳ್ಳುತ್ತದೆ.

ಈ ಗ್ರಂಥಿಯನ್ನು ಬಿಡಿಸಿದವರು ಅರಸನೂ ಅಲ್ಲ, ಪಂಡಿತನೂ ಅಲ್ಲ, ಇಬ್ಬರು ಸ್ತ್ರೀಯರು. ಅಂತಿಗೊನೆ ಅಣ್ಣನ ದೇಹದ ಮೇಲೆ ಹಿಡಿಮಣ್ಣು ಚೆಲ್ಲುತ್ತಾಳೆ. ಕಾವಲಿನವರು ಅದನ್ನು ತೆಗೆದುಹಾಕಿದರೆ ಮತ್ತೊಮ್ಮೆ ಚೆಲ್ಲುತ್ತಾಳೆ. ಚಂದ್ರಿ ಮೊದಲು ತನ್ನ ಬಂಗಾರದ ಒಡವೆಗಳನ್ನೆಲ್ಲ ಬಿಚ್ಚಿ ಪ್ರಾಣೇಶಾಚಾರ್ಯರ ಮುಂದಿಡುತ್ತಾಳೆ. ಅದರಿಂದ ಬ್ರಾಹ್ಮಣರ ಲೋಭ ಹೊರಬೀಳುತ್ತದೆಯೇ ಹೊರತು ಹೆಣ ಮೇಲೇಳುವುದಿಲ್ಲ. ಕಡೆಗೆ ಆಕೆ ಒಬ್ಬ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ದಹನ ಮಾಡಿಸುತ್ತಾಳೆ. ಅಂತಿಗೊನೆಗೆ ಒಡಹುಟ್ಟಿದ ಅಧಿಕಾರವಾದರೂ ಇತ್ತು, ಚಂದ್ರಿಗೆ ಶಾಸ್ತ್ರ ಕೊಟ್ಟ ಯಾವ ಅಧಿಕಾರವೂ ಇರಲಿಲ್ಲ. ಆದುದರಿಂದ ಆಕೆಯ ಕಾರ್ಯವೇ ಹೆಚ್ಚಿನದು.

ಹೀಗಿದ್ದೂ ಕನ್ನಡ ಕೃತಿಯಲ್ಲಿ ಒಂದು ಕೊರತೆಯನ್ನು ಹೇಳಲೇಬೇಕಾಗುತ್ತದೆ. ಸಾಫೊಕ್ಲೀಸನು ತನ್ನ ನಾಯಿಕೆಗೆ ಅರಸನ ಸಭೆಯಲ್ಲಿ ಮಾತು ಕೊಟ್ಟಿದ್ದಾನೆ. ದೇವತೆಗಳ ಅಲಿಖಿತ ನಿಯಮವನ್ನು ಆಕೆ ತಾನೇ ಎತ್ತಿ ಹಿಡಿಯುತ್ತಾಳೆ. ಚಂದ್ರಿಯಾದರೋ ಕಾರ್ಯವನ್ನು ಮುಗಿಸಿ ಊರು ಬಿಡುತ್ತಾಳೆ. ಮುಂದೆ ಕಾದಂಬರಿಯು ಆಚಾರ್ಯರ ಅಂತರಂಗದ ತೊಳಲಾಟದ ಬೆನ್ನುಹತ್ತಿ ಹೋಗುತ್ತದೆ. ಶವದ ಪ್ರಶ್ನೆಗೆ ಉತ್ತರ ಕೊಟ್ಟವಳ ಅಂತರಂಗ ನಮಗೆ ಕಾಣುವುದೇ ಇಲ್ಲ. ಪಂಡಿತನ ಸಂದೇಹಕ್ಕೆ ದೊರೆತ ಪುಟಗಳು ಅವಳ ಶ್ರದ್ಧೆಗೆ ದೊರೆಯಲಿಲ್ಲ.

‘ಸಂಸ್ಕಾರ’ವು ಅಗ್ರಹಾರದ ಕಥೆ, ಅದರಿಂದ ನಮಗೇನು ಎಂದು ನಮ್ಮ ಸಮಾಜದ ಓದುಗರು ಹೇಳುವುದುಂಟು. ಇದು ಸರಿಯಾದ ಓದಲ್ಲ. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಲಿಂಗಧಾರಿಗೆ ಪ್ರೇತತ್ವವಿಲ್ಲವಾದುದರಿಂದ ನಮ್ಮಲ್ಲಿ ಪಿಂಡವಿಲ್ಲ, ಶ್ರಾದ್ಧವಿಲ್ಲ. ದೇಹಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ಕುಳಿತ ಭಂಗಿಯಲ್ಲಿಯೇ ಬಿಲ್ವಪತ್ರೆಯೊಡನೆ ಭೂಮಿಗೆ ಒಪ್ಪಿಸುವುದು ನಮ್ಮ ಪದ್ಧತಿ. ಇದರಲ್ಲಿ ಸಿರಿವಂತನಿಗೊಂದು ವಿಧಿ, ಬಡವನಿಗೊಂದು ವಿಧಿ ಎಂಬುದಿಲ್ಲ. ತತ್ತ್ವ ಇಷ್ಟು ನಿರ್ಮಲವಾಗಿದ್ದರೂ ಸಾವಿನ ಮನೆಯಲ್ಲಿ ಮೈಲಿಗೆಯ ದಿನಗಳನ್ನು ಎಣಿಸುವವರು ನಮ್ಮಲ್ಲಿಲ್ಲವೇ? ರುದ್ರಭೂಮಿಯಲ್ಲಿಯೂ ಒಳಪಂಗಡದ ಗಡಿ ಹಾಕುವವರಿಲ್ಲವೇ? ಊರವರ ಬಾಯಿಗೆ ಅಂಜಿ, ಸಾಲ ತಂದು ಶಿವಗಣಾರಾಧನೆಯ ಪಂಕ್ತಿ ಹಾಕುವ ಬಡ ವಿಧವೆಯನ್ನು ಕಂಡೂ ಸುಮ್ಮನಿರುವವರಿಲ್ಲವೇ?

ಅಥೆನ್ಸಿನ ಶಾಸನಕರ್ತನಾದ ಸೋಲನ್ ಕ್ರಿಸ್ತಪೂರ್ವ ಆರನೆಯ ಶತಮಾನದ ಆರಂಭದಲ್ಲಿಯೇ ಶೋಕದ ಆಡಂಬರಕ್ಕೆ ಕಟ್ಟುಪಾಡು ವಿಧಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಮೈಪರಚಿಕೊಂಡು ಅಳಕೂಡದು, ಸಮಾಧಿಯ ಬಳಿ ಎತ್ತನ್ನು ಬಲಿ ಕೊಡಕೂಡದು, ಶವದೊಡನೆ ಮೂರಕ್ಕಿಂತ ಹೆಚ್ಚು ವಸ್ತ್ರಗಳನ್ನಿಡಕೂಡದು ಎಂಬವು ಅವುಗಳಲ್ಲಿ ಕೆಲವು. ದುಃಖವು ಪ್ರದರ್ಶನವಾದಾಗ ಬಡವನಿಗೆ ಸಾವಿನ ಮೇಲೆ ಸಾಲವೂ ಬರುತ್ತದೆ. ಆ ವಿವೇಕಕ್ಕೆ ದೇಶಕಾಲಗಳ ಭೇದವಿಲ್ಲ.

ಅಂತಿಗೊನೆಯ ಸಂಸ್ಕಾರಕ್ಕೆ ಬೇಕಾದದ್ದು ಒಂದು ಹಿಡಿ ಮಣ್ಣು. ಶರಣರ ಪದ್ಧತಿಗೂ ಮಣ್ಣು, ವಿಭೂತಿ, ಪತ್ರೆಗಳೇ ಸಾಕು. ಹೆಚ್ಚಿನದೆಲ್ಲವೂ ಬದುಕಿರುವವರ ಅಭಿಮಾನಕ್ಕಾಗಿ ಮಾಡಿದ್ದು. ಆದುದರಿಂದ ಸದ್ಭಕ್ತರು ಈ ಎರಡು ಕೃತಿಗಳನ್ನು ಅನ್ಯರ ಕಥೆಗಳೆಂದು ಓದಬಾರದು. ನೆರೆಯಲ್ಲಿ ಸಾವು ಸಂಭವಿಸಿದಾಗ ಸತ್ತವನ ಕುಲಶೀಲಗಳನ್ನು ವಿಚಾರಿಸದೆ ಹೆಗಲು ಕೊಡುವುದೇ ಅವುಗಳ ನಿಜವಾದ ಅಧ್ಯಯನವಾದೀತು.