ಲ್ಹಾಸಾ ನುಡಿಯ ವಿನಯಕ್ರಿಯೆಗಳು

ತಿಬೇಟಿನ ಲ್ಹಾಸಾ ಪ್ರಾಂತದ ಆಡುನುಡಿಯಲ್ಲಿ ಮರ್ಯಾದೆಯ ಮಾತಿಗೆ ‘ಝೆ-ಸ’ ಎಂದು ಹೆಸರು. (ಇಲ್ಲಿ ತಿಬೇಟೀ ಶಬ್ದಗಳನ್ನು ಆ ಭಾಷೆಯ ಬರವಣಿಗೆಯನ್ನನುಸರಿಸಿ ಕೊಟ್ಟಿದೆ, ಉಚ್ಚಾರವನ್ನಲ್ಲ.) ಯೇಷ್ಕೆ ಪಂಡಿತನು 1881ರ ತನ್ನ ತಿಬೇಟೀ-ಇಂಗ್ಲಿಷ್ ನಿಘಂಟಿನಲ್ಲಿ ಗೌರವಶಬ್ದಗಳಿಗೆ ಒಂದು ಸಂಕ್ಷೇಪಸಂಕೇತವನ್ನಿಟ್ಟಿರುವನು. ಅದು ಉಪಕಾರಕವೇ ಸರಿ. ಆದರೆ ‘ಗೌರವ’ವೆಂಬ ಒಂದೇ ಹೆಸರಿನಿಂದ ಈ ವರ್ಗವನ್ನೆಲ್ಲ ಗ್ರಹಿಸುವವನು ಎಡವುವನು, ಏಕೆಂದರೆ ಇದರೊಳಗೆ ಎರಡು ಬಗೆಗಳುಂಟು.

‘ಕೊಡು’ ಎಂಬರ್ಥದ ಸಾಮಾನ್ಯ ಧಾತು ‘ಸ್ಪ್ರದ್’. ಹಿರಿಯರು ಕೊಟ್ಟರೆ ‘ಗ್ನಙ್’. ಹಿರಿಯರಿಗೆ ಕೊಟ್ಟರೆ ‘ಫುಲ್’. ನಮ್ಮ ‘ದಯಪಾಲಿಸು’, ‘ಸಮರ್ಪಿಸು’ ಎಂಬಿವುಗಳಂತೆ. ಹಾಗೆಯೇ ಹಿರಿಯರು ನುಡಿದರೆ ‘ಗ್ಸುಙ್’, ಹಿರಿಯರಿಗೆ ಬಿನ್ನವಿಸಿದರೆ ‘ಝು’. ಹೆಸರನ್ನು ಕೇಳುವ ಮಾತಿನಲ್ಲಿ ಈ ಭೇದವು ಸ್ಫುಟವಾಗಿದೆ. ಎದುರಿನವರ ಹೆಸರು ‘ಮ್ತ್ಸನ್’, ಅದನ್ನು ಏನೆಂದು ಹೇಳಬೇಕೆಂದು ಕೇಳುವುದಕ್ಕೆ ‘ಝು’. ಉತ್ತರಿಸುವವನಾದರೋ ತನ್ನ ಹೆಸರಿಗೆ ಬರಿಯ ‘ಮಿಙ್’ ಎಂದೂ, ಹೇಳುವುದಕ್ಕೆ ‘ಜೆರ್’ ಎಂದೂ ಪ್ರಯೋಗಿಸುವನು. ತನ್ನ ವಿಷಯದಲ್ಲಿ ಗೌರವಪದವನ್ನಾಡುವುದು ಅಲ್ಲಿ ದೋಷವೆನಿಸುತ್ತದೆ.

ಇದರಿಂದ ‘ಫುಲ್’, ‘ಝು’ ಮೊದಲಾದವು ಮಾತನಾಡುವವನ ಆತ್ಮಲಾಘವವನ್ನೇ ಹೇಳುತ್ತವೆಂದು ಭಾವಿಸಬಹುದು. ಅದು ಸಾಧುವಲ್ಲ. ಶಿಷ್ಯನೊಬ್ಬನು ಲಾಮಾಗುರುವಿಗೆ ಗ್ರಂಥವನ್ನು ಕೊಟ್ಟನೆಂದು ಮೂರನೆಯವನು ಹೇಳುವಾಗಲೂ ‘ಫುಲ್’ ಎಂದೇ ಪ್ರಯೋಗ. ಅಲ್ಲಿ ಮಾತನಾಡುವವನು ಕೊಡುವವನಲ್ಲ. ಇನ್ನೂ ಬಲವಾದ ಪ್ರಮಾಣವುಂಟು. ಪೂಜ್ಯರೊಬ್ಬರು ತಮಗಿಂತಲೂ ಪೂಜ್ಯರಾದವರಿಗೆ ಕೊಟ್ಟರೆ ‘ಫುಲ್ ಗ್ನಙ್’ ಎಂದು ಎರಡನ್ನೂ ಜೊತೆಗೂಡಿಸುವರು. ‘ಫುಲ್’ ಎಂಬುದು ಕೊಡುವವರನ್ನು ತಗ್ಗಿಸುವುದಕ್ಕಾಗಿಯೇ ಇದ್ದರೆ, ಕೂಡಲೇ ‘ಗ್ನಙ್’ ಎಂಬುದು ಅವರನ್ನೇ ಏರಿಸುವುದು ವ್ಯಾಹತವಾಗುತ್ತಿತ್ತು.

ಪಾಣಿನೀಯರ ಕಾರಕಪರಿಭಾಷೆಯಲ್ಲಿ ಹೇಳುವುದಾದರೆ ‘ಗ್ನಙ್’ ಕರ್ತೃವಿನ ಪೂಜೆಯನ್ನೂ ‘ಫುಲ್’ ಸಂಪ್ರದಾನದ ಪೂಜೆಯನ್ನೂ ದ್ಯೋತಿಸುತ್ತವೆ. ಹಿರಿಯರ ದರ್ಶನಮಾಡುವುದೆಂಬ ‘ಮ್ಜಲ್’ ಕ್ರಿಯೆಯಲ್ಲಿ ಪೂಜೆಯು ಕರ್ಮಕ್ಕೆ ಸಲ್ಲುವುದು. ವಿನಯವು ಇವುಗಳಿಂದ ಅರ್ಥಾತ್ ಸಿದ್ಧಿಸುವ ಫಲವೇ ಹೊರತು ಶಬ್ದದ ವಾಚ್ಯಾರ್ಥವಲ್ಲ.

ಮೈಸೂರು ಸರಕಾರವು 1960ರಲ್ಲಿ ಬೈಲಕುಪ್ಪೆಯಲ್ಲಿ ಭೂಮಿಯನ್ನಿತ್ತ ಮೇಲೆ ತಿಬೇಟಿನವರು ನಮಗೆ ನೆರೆಯವರಾಗಿದ್ದಾರೆ. ಅವರ ನುಡಿಯನ್ನು ಕಲಿಯುವ ಕನ್ನಡಿಗನಿಗೆ, ತಾನೆಷ್ಟು ಕುಗ್ಗಬೇಕೆಂಬುದಕ್ಕಿಂತ, ವಾಕ್ಯದಲ್ಲಿ ಪೂಜ್ಯರು ಯಾವ ಕಾರಕದಲ್ಲಿದ್ದಾರೆಂಬುದನ್ನು ಮೊದಲು ತಿಳಿಸಬೇಕು. ಮುಂದಿನ ನಿಘಂಟುಕಾರರು ಒಂದು ಸಂಕೇತಕ್ಕೆ ಬದಲಾಗಿ ಎರಡನ್ನು ಬಳಸುವುದು ಯುಕ್ತ. ಈ ಪಕ್ಷದ ಸಾಧುತ್ವವನ್ನು ವಿದ್ವಾಂಸರು ಪರಾಮರ್ಶಿಸಬೇಕಾಗಿ ಬಿನ್ನಹ.