ಹೊಸ ವೈನ್ ಆರಿಸಲು ಅಂಕ ಸಾಕೇ?

ಹೊಸದೊಂದು ವೈನ್ ಕುಡಿದು ನೋಡೋಣವೆಂದು ಅಂಗಡಿಗೆ ಹೋದವರು ಹೆಚ್ಚಾಗಿ ನಂಬುವುದು ಮೂರನ್ನು: ಬಾಟಲಿಯ ಕೊರಳಿಗೆ ಅಂಟಿಸಿದ ಅಂಕ, ಪದಕದ ಚೀಟಿ, ಬೆಲೆ. ಒಳಗಿರುವುದು ಹುಳಿಯೋ ಸಿಹಿಯೋ, ತೆಳುವೋ ಗಟ್ಟಿಯೋ, ಒಗರು ಎಷ್ಟು ಎಂಬುದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಕುಡಿಯುವವರಿಗೆ ಬೇಕಾದದ್ದು ಅದೇ ತಾನೆ?

ವೈನಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ರೂಢಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ರಾಬರ್ಟ್ ಪಾರ್ಕರ್. ಅವರ ಪತ್ರಿಕೆ ಶುರುವಾದದ್ದು 1978ರಲ್ಲಿ. ಹಳೆಯ ಮನೆತನಗಳ ಹಂಗಿಲ್ಲದೆ ಬಾಟಲಿಯೊಳಗಿನದನ್ನಷ್ಟೇ ಅಳೆಯಬೇಕೆಂಬ ಆ ಛಲವನ್ನು ನಾನು ಗೌರವಿಸುತ್ತೇನೆ. ಆದರೆ ಅಳತೆ ಎಷ್ಟು ಖಚಿತ? ಸ್ವತಃ ವೈನ್ ತಯಾರಕರಾದ ರಾಬರ್ಟ್ ಹಾಜ್‌ಸನ್ ಇದನ್ನು ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಪರೀಕ್ಷಿಸಿದರು. ತೀರ್ಪುಗಾರರಿಗೆ ತಿಳಿಯದಂತೆ ಒಂದೇ ಬಾಟಲಿಯ ವೈನನ್ನು ಬೇರೆ ವೈನ್‌ಗಳ ನಡುವೆ ಸೇರಿಸಿ ಮೂರು ಸಲ ಕೊಡಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರೂ ಸಲ ಅದಕ್ಕೆ ಒಂದೇ ಪದಕದ ಮಟ್ಟದ ಅಂಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು. 92 ಮತ್ತು 89ರ ನಡುವಿನ ಅಂತರವನ್ನು ನಂಬಿ ದುಡ್ಡು ಸುರಿಯುವವರು ಇದನ್ನು ತಿಳಿದಿರಬೇಕು.

ಬೆಲೆಯನ್ನಂತೂ ನಮ್ಮಲ್ಲಿ ಇನ್ನೂ ಕಡಿಮೆ ನಂಬಬೇಕು. ಆಮದಾದ ಬಾಟಲಿಗೆ ತೆರುವ ಹಣದಲ್ಲಿ ದೊಡ್ಡ ಪಾಲು ಸುಂಕ ಮತ್ತು ಅಬಕಾರಿ ತೆರಿಗೆಗೆ ಹೋಗುತ್ತದೆ. ಅಷ್ಟರಿಂದ ದ್ರಾಕ್ಷಿ ಮೇಲ್ದರ್ಜೆಯದಾಗುವುದಿಲ್ಲ.

ರುಚಿ ನೋಡುವವರ ಶ್ರಮವೆಲ್ಲ ವ್ಯರ್ಥ ಎನ್ನುತ್ತಿಲ್ಲ. 1976ರ ಮೇ 24ರಂದು ಪ್ಯಾರಿಸಿನಲ್ಲಿ ಹೆಸರು ಮುಚ್ಚಿದ ಬಾಟಲಿಗಳ ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ಕೆಂಪು, ಬಿಳಿ ಎರಡರಲ್ಲೂ ಕ್ಯಾಲಿಫೋರ್ನಿಯಾದ ವೈನನ್ನೇ ಮೊದಲ ಸ್ಥಾನಕ್ಕೆ ಏರಿಸಿದರು. ಹೆಸರು ಮುಚ್ಚಿದರೆ ಮಾತ್ರ ಕಾಣುವ ಸತ್ಯ ಅದು. ವಿಮರ್ಶಕರ ಬರಹದಲ್ಲೂ ಅಂಕಕ್ಕಿಂತ ಅದರ ಕೆಳಗಿನ ಎರಡು ಸಾಲು ಹೆಚ್ಚು ಕೆಲಸಕ್ಕೆ ಬರುತ್ತವೆ.

ನಾನು ಮೆಚ್ಚುವ ದಾರಿ ಬೇರೆ: ಹಣ್ಣಿನ ತಳಿ ಹಿಡಿದುಕೊಳ್ಳಿ, ನೆಲ ಬದಲಿಸಿ. ಸೊವಿನ್ಯೊಂ ಬ್ಲಾಂ ಹಿಡಿಸಿದ್ದರೆ ಫ್ರಾನ್ಸಿನ ಸಾನ್‌ಸೇರ್‌ನದು, ನ್ಯೂಜಿಲೆಂಡಿನ ಮಾರ್ಲ್‌ಬರೋದು, ನಮ್ಮ ನಂದಿ ಬೆಟ್ಟದ ತಪ್ಪಲಿನದು, ಹೀಗೆ ಒಂದಾದ ಮೇಲೊಂದು. ಮೊದಲನೆಯದು ಬಿಗಿ, ಎರಡನೆಯದು ಘಮಘಮ. ನಂದಿಯದರಲ್ಲಿ ಒಮ್ಮೊಮ್ಮೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಏಳುತ್ತದೆ, ಅದಕ್ಕೆ ಕಾರಣವೂ ಇದೆ. ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರದ ಈ ನೆಲದಲ್ಲಿ ಬಳ್ಳಿ ನಿದ್ದೆಗೆ ಜಾರುವಂಥ ಚಳಿಗಾಲವಿಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಮಳೆ ಹೋದ ಮೇಲೆ ಹಣ್ಣು ಕಟ್ಟುವಂತೆ ಬೆಳೆಗಾರರು ನೋಡಿಕೊಳ್ಳುತ್ತಾರೆ. ಬೇಸಿಗೆಯ ಹೊಸ್ತಿಲಲ್ಲಿ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ಅದನ್ನು ಉಳಿಸಿಕೊಳ್ಳಲು ತುಸು ಮುಂಚೆಯೇ ಕೊಯ್ದರೆ ಆ ಹಸಿ ವಾಸನೆಯೂ ಜೊತೆಗೆ ಬರುತ್ತದೆ. ಇಷ್ಟು ತಿಳಿದರೆ ಮುಂದಿನ ಬಾಟಲಿಯನ್ನು ಆರಿಸುವುದು ಅಂದಾಜಿನ ಮಾತಾಗಿ ಉಳಿಯುವುದಿಲ್ಲ. ಕೆಂಪಿನಲ್ಲಿ ಶಿರಾಜ್ ಹಿಡಿದು ರೋನ್ ಕಣಿವೆ, ಬರೋಸಾ, ಹಂಪಿಯ ಸೀಮೆ ಎಂದು ಸುತ್ತಬಹುದು.

ಆರಿಸಿ ತಂದದ್ದಕ್ಕೆ ನ್ಯಾಯ ಸಲ್ಲಿಸುವುದೂ ಆಯ್ಕೆಯ ಭಾಗವೇ. ಕೆಂಪು ವೈನನ್ನು ಕೋಣೆಯ ಬಿಸುಪಿನಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳದು. ಅಲ್ಲಿ ಅದು 16ರಿಂದ 18 ಡಿಗ್ರಿ. ಏಪ್ರಿಲ್‌ನ ಬೆಂಗಳೂರಿನಲ್ಲಿ ಅದೇ ಬಾಟಲಿ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದರೆ ಹಣ್ಣಿನ ಸುವಾಸನೆ ಮರಳುತ್ತದೆ. ಊಟದ ವಿಚಾರವೂ ಹೀಗೆಯೇ. ಒಗರು ಹೆಚ್ಚಿರುವ ಕ್ಯಾಬರ್ನೆ ಸೊವಿನ್ಯೊಂ ನಮ್ಮ ಖಾರದ ಜೊತೆ ಸೇರಿದರೆ ಬಾಯಿ ಉರಿಯುತ್ತದೆ, ಬಡಪಾಯಿ ವೈನಿಗೆ ಕೆಟ್ಟ ಹೆಸರು. ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂ ಕೋಳಿ ಸಾರಿಗೆ ಎಷ್ಟೋ ವಾಸಿ. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಯ ಎದುರು ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗುತ್ತದೆ. ಅಲ್ಲಿಗೆ ಮಹಾರಾಷ್ಟ್ರದ ಅಕ್ಲೂಜ್‌ನಲ್ಲಿ ಬೆಳೆಯುವ ಸಾಂಜೊವೇಸೆಯನ್ನು ನಾನು ಸೂಚಿಸುತ್ತೇನೆ.

ತಯಾರಕರ ಮೇಲೆ ನನ್ನ ಆಕ್ಷೇಪ ಒಂದಿದೆ. ಬಾಟಲಿಯ ಬೆನ್ನಿನ ಚೀಟಿಯಲ್ಲಿ ಚೆರ್ರಿ, ಮಸಾಲೆ, ವೆನಿಲ್ಲಾ ಎಂಬ ವರ್ಣನೆ ಧಾರಾಳ. ‘ರಿಸರ್ವ್’ ಎಂಬ ಪದವೂ ಧಾರಾಳ. ಸ್ಪೇನಿನ ರಿಯೋಹಾದಲ್ಲಿ ಕೆಂಪು ವೈನಿಗೆ ಆ ಹೆಸರು ಬೇಕಾದರೆ ಕನಿಷ್ಠ ಮೂರು ವರ್ಷ ಮಾಗಬೇಕು, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ನಮ್ಮ ವೈನ್‌ಗಳ ಚೀಟಿಯೂ ಅಷ್ಟು ಸ್ಪಷ್ಟವಾಗಿ ಮಾತಾಡಲಿ: ದ್ರಾಕ್ಷಿ ಯಾವ ತಾಲ್ಲೂಕಿನದು, ಯಾವ ತಿಂಗಳು ಕೊಯ್ದದ್ದು, ಸಿಹಿ ಎಷ್ಟು ಉಳಿದಿದೆ, ಪೀಪಾಯಿಯಲ್ಲಿ ಎಷ್ಟು ತಿಂಗಳಿತ್ತು. ನಾಲ್ಕು ಸಾಲಿನ ಜಾಗ ಸಾಕು. ಅದು ಬಂದರೆ ಕೊರಳಿನ ಅಂಕದ ಚೀಟಿಯನ್ನು ಯಾರೂ ಹುಡುಕುವುದಿಲ್ಲ.